ಬೀಗರು

ವಿಲೆನ್‌ಹಾಲಿನಲ್ಲಿ ಆ ಗುರುವಾರ ನಾಲ್ಕಕ್ಕೇ ಕತ್ತಲು.
ಹರಾಜಿನವರು ಕೊನೆಯ ಲೇತನ್ನೂ ಲಾರಿಗೆ ಏರಿಸಿ
ಗೇಟು ಎಳೆದು, ಸರಪಳಿ ಸುತ್ತಿ,
ಬೀಗ ಜಡಿದು ಹೋದರು.

ಎನಿಡ್ ಹಾರ್ಟಿಲ್ ಹತ್ತಿರ ಹೋದಳು.
ಮೂವತ್ತೊಂಬತ್ತು ವರ್ಷ ಬೀಗವನ್ನೇ ಮಾಡಿದವಳು,
ಕಂಡರೆ ಕೈ ತಾನಾಗಿ ಮುಂದೆ ಚಾಚುತ್ತದೆ,
ಪರರ ಕೂಸಾದರೂ ಸರಿ, ಎತ್ತಿಕೊಳ್ಳುವ ಹಾಗೆ.
ತಿರುವಿ ನೋಡಿದಳು. ಅಡಿಯಲ್ಲಿ ಅಚ್ಚು.
ನಮ್ಮೂರ ಹೆಸರಲ್ಲ.

ಮೊದಲು ನಗುವೇ ಬಂತು.
ಬೀಗದ ಕಾರ್ಖಾನೆಗೆ ಬೀಗ,
ಅದೂ ಕಡಲಾಚೆಯದು!
ಕೇಳಿದ್ದರೆ ಹೊರೇಸ್ ಗೋರಿಯೊಳಗೇ ಮಗ್ಗಲು ಬದಲಿಸುತ್ತಿದ್ದ.

ಹೊರೇಸ್, ಅವಳಪ್ಪ.
ಹದಿನಾಲ್ಕಕ್ಕೆ ವೈಸಿನ ಮುಂದೆ ಬಾಗಿ
ಅರವತ್ತೈದಕ್ಕೂ ನೆಟ್ಟಗಾಗದವನು.
ಹಳೆಯ ಪಬ್ಬುಗಳಲ್ಲಿ ಬೆಂಚಿನ ಹಿಂದಣ ಗೋಡೆಗೆ
ಗುಳಿ ತೋಡಿದ್ದರಂತೆ, ಗೂನು ಬೆನ್ನು ಆತು ಕೂರಲು.
ಆ ಗೂನನ್ನೇ ಪದಕದ ಹಾಗೆ ಹೊತ್ತು ಬೀಗಿದರು ನಮ್ಮವರು.
ಬೀಗುವ ಜನಕ್ಕೆ ಬೆಲೆಪಟ್ಟಿ ಓದುವುದು ತಡವಾಯಿತು.

ಮೊದಲು ಸೂಟ್‌ಕೇಸಿನ ಪುಟಾಣಿ ಬೀಗ ಹೋಯಿತು.
ಹೋಗಲಿ, ಅದರಲ್ಲೇನು ಲಾಭ, ಅಂದರು ಸಾಹೇಬರು.
ಆಮೇಲೆ ಸೈಕಲ್ಲಿನದು. ಬೀರುವಿನದು.
ಹೋಗಲಿ, ಹೋಗಲಿ.
ನಮ್ಮ ಬರಿ ಹಿತ್ತಾಳೆಯ ದರಕ್ಕಿಂತ ಕಡಿಮೆಗೆ
ಅವರ ಬೀಗ, ಎರಡು ಕೀಲಿ, ಬಣ್ಣದ ಡಬ್ಬಿ, ಹಡಗಿನ ಬಾಡಿಗೆ
ಎಲ್ಲ ಸೇರಿ ಬಂದಿಳಿದ ದಿನ
ಲೆಕ್ಕದ ಕ್ಲೈವ್ ಮೂರು ಸಲ ಕೂಡಿ ಪೆನ್ಸಿಲು ಮುರಿದ.
ಮರುವರ್ಷ ಸಾಹೇಬರೇ ಅದನ್ನು ತರಿಸಿ
ನಮ್ಮ ಡಬ್ಬಿಗೆ ತುಂಬಿಸಿದರು, ನಮ್ಮ ಕೈಯಿಂದಲೇ.
ನಾನು ಪ್ಯಾಕಿಂಗಿನಲ್ಲಿದ್ದೆ.
ಗಂಟೆಗೆ ನಾನೂರು ತುಂಬಿದೆ. ಬಾಯಿ ಬಿಡಲಿಲ್ಲ.
ಆ ವಾರವೇ ಸಂತೆಯಲ್ಲಿ ಒಂದು ಕೆಟಲ್ ಕೊಂಡೆ,
ಅರ್ಧಕ್ಕರ್ಧ ಅಗ್ಗ. ಎಲ್ಲಿಯದೆಂದು ತಿರುವಿ ನೋಡಲಿಲ್ಲ.

ಶನಿವಾರ ಎನಿಡ್ ಅಂಥದ್ದೇ ಬೀಗವೊಂದನ್ನು ತಂದು
ಅಡುಗೆಮನೆಯ ಮೇಜಿಗೆ ಹಾಳೆ ಹಾಸಿ
ರಿವೆಟ್ ಕೊರೆದು ಬಿಚ್ಚಿದಳು,
ಬೈಯಲು ಬಾಯಿ ಸಿದ್ಧ ಮಾಡಿಕೊಂಡು.
ಸ್ಪ್ರಿಂಗು ಸರಿಯಿತ್ತು. ಪಿನ್ನು ಸರಿಯಿತ್ತು.
ಒಳಗೆ, ಕೊಂಡವರು ಎಂದೂ ನೋಡದ ಜಾಗದಲ್ಲಿ
ಅಂಚಿನ ಚೂಪನ್ನು ಯಾರೋ ಅರ ಹಿಡಿದು
ಎರಡೇ ಎಳೆತಕ್ಕೆ ಸವರಿದ್ದರು.
ಎಡಗೈಯವಳು, ಅಂದಳು ಎನಿಡ್, ಗೀರಿನ ಓರೆ ನೋಡಿ.
ಅವಸರದಲ್ಲಿದ್ದಾಳೆ. ಆದರೂ ಬಿಟ್ಟಿಲ್ಲ.
ಬಹಳ ಹೊತ್ತು ಆ ಗೀರಿನ ಮೇಲೆ ಹೆಬ್ಬೆರಳು ಆಡಿಸಿದಳು.
ಚಹಾ ಆರಿತು.
ಇವಳಿಗೂ ಯಾರೂ ಹೇಳಿರುವುದಿಲ್ಲ, ಅಂದಳು,
ಇನ್ನೂ ಅಗ್ಗದ ಊರೊಂದನ್ನು ಯಾರೋ ಹುಡುಕುತ್ತಿದ್ದಾರೆಂದು.

ಹೆಣ್ಣು ಕೊಟ್ಟು ತಂದವರಷ್ಟೇ ಬೀಗರೆ?
ಒಂದೇ ಬೀಗದೊಳಗೆ ಬೆರಳಿಟ್ಟವರು
ಒಬ್ಬರಿಗೊಬ್ಬರು ಏನಾಗಬೇಕು?

ಕಳೆದ ತಿಂಗಳು ಚರ್ಚಿನವರು ಬಂದಿದ್ದರು.
ಇನ್ನೂರು ವರ್ಷದ ಬಾಗಿಲಿನ ಕೀಲಿ ಕಳೆದಿದೆ.
ಕಡಲಾಚೆ ಬರೆದು ಕೇಳಿದರೆ
ಐದು ಸಾವಿರಕ್ಕೆ ಕಡಿಮೆ ಮಾಡುವುದಿಲ್ಲವಂತೆ.
ಇವರಿಗೆ ಬೇಕಾದ್ದು ಒಂದು.

ಶೆಡ್ಡಿನಲ್ಲಿ ಹೊರೇಸನ ವೈಸ್ ಇನ್ನೂ ಇದೆ.
ಪಕ್ಕದ ಮನೆಯ ಹರ್ಲೀನ್, ಹದಿನಾರರ ಹುಡುಗಿ,
ಬೀಗದ ಹೊಟ್ಟೆಯ ಅಳತೆ ತೆಗೆದು
ಫೋನಿನಲ್ಲಿ ಏನೋ ಗೀಚಿ ತೋರಿಸಿದಳು;
ಎನಿಡ್ ಕನ್ನಡಕ ಏರಿಸಿ, ಇಲ್ಲಿ ಕೂದಲೆಳೆ ಹೆಚ್ಚಿದೆ, ಅಂದಳು.
ಇತ್ತು.
ನಾಲ್ಕನೆಯ ಸಂಜೆ ಹುಡುಗಿ ಕೇಳಿದಳು,
ಇದರಲ್ಲಿ ಹೊಟ್ಟೆ ಹೊರೆಯುತ್ತದಾ?

ಇಲ್ಲ, ಅಂದಳು ಎನಿಡ್.
ಅರವನ್ನು ಅವಳ ಕೈಗಿತ್ತಳು.
ಹಿಡಿ. ಹಾಗಲ್ಲ, ಮೊಣಕೈ ಮೇಲೆ.
ಬೆನ್ನು ನೆಟ್ಟಗೆ.